ಬರಿಗಣ್ಣಿಗೆ ಕಂಡ ನಾಲ್ಕು

"ಇವತ್ತು ಆ ದುರ್ಬೀನಿನ ಜಂಭ ಇಳಿಸದಿದ್ದರೆ ನಾಳೆ ಈ ಅಂಗಡಿಯ ಬಾಗಿಲೇ ತೆಗೆಯಲ್ಲ!"

ಗೋಡೆಯ ಮೇಲಿನ ಅಕ್ಷರಪಟವನ್ನು ಸಾಕ್ಷಿಯಾಗಿಟ್ಟುಕೊಂಡು ಗಾಜಣ್ಣ ಹೀಗೊಂದು ಘನಘೋರ ಪ್ರತಿಜ್ಞೆ ಮಾಡಿದ. ಅವನದು ಕನ್ನಡಕದ ಅಂಗಡಿ. ಇಪ್ಪತ್ತೆರಡು ವರ್ಷಗಳಿಂದ ಊರಿನ ಅರ್ಧದಷ್ಟು ಮೂಗುಗಳ ಮೇಲೆ ಕೂತಿರುವುದು ಅವನು ಉಜ್ಜಿ ಕೊಟ್ಟ ಗಾಜೇ. ಅವನ ಮೂಗು ಮಾತ್ರ ಖಾಲಿ. "ಐವತ್ತಾದರೂ ನನ್ನ ಕಣ್ಣು ಹದ್ದಿನ ಕಣ್ಣು!" ಎಂಬುದು ಗಿರಾಕಿಗಳಿಗೆಲ್ಲ ಬಾಯಿಪಾಠ.

ದುರ್ಬೀನು ಮೇಲಿನ ಮನೆಯ ಗಣಿತದ ಮೇಷ್ಟ್ರದು. ಒಂದು ತಿಂಗಳಿಂದ ಗಾಜಣ್ಣನ ಹೆಂಡತಿಯ ಬಾಯಲ್ಲಿ ಅವರದೇ ಮಾತು.

"ರೀ, ಸಪ್ತರ್ಷಿ ಮಂಡಲದ ಬಾಲದಲ್ಲಿ ವಸಿಷ್ಠ ಇದೆಯಲ್ಲ, ಪಕ್ಕದಲ್ಲೇ ಪುಟ್ಟ ಅರುಂಧತಿ. ಬರಿಗಣ್ಣಿಗೆ ಎರಡು. ದುರ್ಬೀನಲ್ಲಿ ನೋಡಿದ್ರೆ ವಸಿಷ್ಠನೇ ಎರಡು, ಒಟ್ಟು ಮೂರು! ದುರ್ಬೀನಿಗೂ ಕಾಣದೇ ಇರೋದನ್ನ ಲೆಕ್ಕಕ್ಕೆ ಹಿಡಿದ್ರೆ ಎಲ್ಲ ಸೇರಿ ಆರಂತೆ! ಮೇಷ್ಟ್ರು ಎಷ್ಟು ಚೆನ್ನಾಗಿ ಹೇಳ್ತಾರೆ ಗೊತ್ತಾ?"

"ದಿನಾ ಮಗ್ಗಿ ಹೇಳಿಸೋರಿಗೆ ಅದೇನು ಕಷ್ಟ?" ಎಂದ ಗಾಜಣ್ಣ. ಆದರೆ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತು. ತನ್ನ ವಿಷಯದಲ್ಲಿ ಅವಳು "ಎಷ್ಟು ಚೆನ್ನಾಗಿ" ಎಂದದ್ದು ಯಾವಾಗ? ಏಳು ವರ್ಷದ ಹಿಂದೆ. ಅದೂ ಅಡುಗೆಮನೆಯ ನಲ್ಲಿ ಸೋರುವುದನ್ನು ನಿಲ್ಲಿಸಿದಾಗ!

ಸಂಜೆ ಏಳೂವರೆಗೆ ಮೂವರೂ ತಾರಸಿಯಲ್ಲಿದ್ದರು. ಗಾಜಣ್ಣ ದುರ್ಬೀನನ್ನು ಅಂಗೈಯಿಂದ ಪಕ್ಕಕ್ಕೆ ಸರಿಸಿ, ತಲೆಯೆತ್ತಿ ನೋಡಿದ. ಎದೆ ಉಬ್ಬಿತು.

"ನಾಲ್ಕು!"

"ಏನಂದ್ರಿ?" ಮೇಷ್ಟ್ರು ಬೆಚ್ಚಿದರು.

"ನಿಮ್ಮ ದುರ್ಬೀನಿಗೆ ಮೂರು. ನನ್ನ ಬರಿಗಣ್ಣಿಗೆ ನಾಲ್ಕು! ಬರ್ಕೊಳ್ಳಿ ಮೇಷ್ಟ್ರೇ!"

ಪಾಪ, ಮೇಷ್ಟ್ರು ನಿಜವಾಗಿಯೂ ಪುಸ್ತಕ, ಪೆನ್ಸಿಲು ತೆಗೆದರು. "ಎಲ್ಲೆಲ್ಲಿ ಇವೆ, ಸ್ವಲ್ಪ ಹೇಳ್ತೀರಾ?"

"ವಸಿಷ್ಠನ ಬಲಕ್ಕೆ, ಚೂರು ಕೆಳಗೆ ಇನ್ನೊಂದು. ಅರುಂಧತಿಯ ಬಲಕ್ಕೂ, ಅಷ್ಟೇ ದೂರದಲ್ಲಿ, ಅಷ್ಟೇ ಕೆಳಗೆ ಇನ್ನೊಂದು."

ಪೆನ್ಸಿಲು ನಿಂತಿತು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಎದುರಿಗೆ ಬಂದಳು. ಅಂಗಡಿಯಲ್ಲಿ ಗಂಡ ಗಿರಾಕಿಗಳಿಗೆ ಹೇಳುವುದನ್ನು ಅವಳು ಸಾವಿರ ಸಲ ಕೇಳಿದ್ದಳು.

"ಎಡಗಣ್ಣು ಮುಚ್ಚಿ. ಈಗೆಷ್ಟು?"

"ಎ... ಎರಡು."

"ಅದನ್ನ ತೆಗೆದು ಬಲಗಣ್ಣು ಮುಚ್ಚಿ."

"ನಾಲ್ಕು."

"ಆ ಬೀದಿ ಕಂಬದಲ್ಲಿ ದೀಪ ಎಷ್ಟು?"

"ಎರಡು. ಈಚೆಗೆ ಎಲ್ಲಾ ಕಂಬಕ್ಕೂ ಇನ್ನೊಂದೊಂದು ಹಾಕಿದ್ದಾರಲ್ಲ!"

ಮೇಷ್ಟ್ರು ಮರ್ಯಾದೆಗಾಗಿ ದುರ್ಬೀನಿನೊಳಗೆ ಮುಖ ಹುದುಗಿಸಿದರು. ಭುಜ ಮಾತ್ರ ಕುಲುಕುತ್ತಿತ್ತು. ಹೆಂಡತಿ ಅಷ್ಟೂ ಮರ್ಯಾದೆ ಇಟ್ಟುಕೊಳ್ಳಲಿಲ್ಲ. ಗೋಡೆ ಹಿಡಿದುಕೊಂಡು ನಕ್ಕಳು. "ಊರಿಗೆಲ್ಲ ಕಣ್ಣು ಕೊಟ್ಟ ಮಹಾಶಯರೇ, ನಿಮ್ಮ ಎಡಗಣ್ಣು ಕೆಟ್ಟು ಕೂತಿದೆ! ನಾಳೆ ಬೆಳಿಗ್ಗೆಯೇ ಕಣ್ಣಿನ ಡಾಕ್ಟರ ಹತ್ತಿರ!"

ಗಾಜಣ್ಣನಿಗೆ ಆ ನಗು ತಡೆಯಲಾಗಲಿಲ್ಲ. ತಿಂಗಳಿಡೀ ಅದುಮಿಟ್ಟದ್ದೆಲ್ಲ ಒಮ್ಮೆಲೇ ಉಕ್ಕಿ ಬಂತು.

"ನಗು, ನಗು! ಇಬ್ಬರೂ ಸೇರಿ ನಗಿ! ನನಗೇನೂ ಕಾಣಿಸಲ್ಲ ಅಂದ್ಕೊಂಡಿದೀಯಾ? ನಿನ್ನೆ ಅಂಗಡಿ ಮುಚ್ಚಿ ಬರುವಾಗ ಬೀದಿಯಿಂದಲೇ ನೋಡಿದೆ. ಇಲ್ಲೇ, ಇದೇ ತಾರಸಿ ಮೇಲೆ, ನಿಮ್ಮಿಬ್ಬರ ತಲೆ! ಒಂದಕ್ಕೊಂದು ತಾಗಿಕೊಂಡು!"

ಮೇಷ್ಟ್ರು ನಿಧಾನಕ್ಕೆ ದುರ್ಬೀನಿನಿಂದ ಮೇಲೆದ್ದರು. "ನಿನ್ನೆಯಾ? ನಿನ್ನೆ ನಾನು ಪರೀಕ್ಷೆ ಕೆಲಸಕ್ಕೆ ಪಕ್ಕದೂರಿಗೆ ಹೋಗಿದ್ದೆ. ಬಂದಿದ್ದು ಇವತ್ತು ಮಧ್ಯಾಹ್ನ."

"ಒಣಗಿದ ಬಟ್ಟೆ ತೆಗೆಯೋಕೆ ನಾನೊಬ್ಬಳೇ ಬಂದಿದ್ದೆ," ಎಂದಳು ಹೆಂಡತಿ. ಅವಳ ದನಿ ತೀರಾ ಮೆತ್ತಗಾಗಿತ್ತು. "ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ. ಆ ಇನ್ನೊಂದು ತಲೆ ಹೇಗಿತ್ತು?"

ಗಾಜಣ್ಣ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ತಮ್ಮ ನುಣ್ಣನೆಯ ಬೋಳುತಲೆಯನ್ನೊಮ್ಮೆ ಸವರಿಕೊಂಡರು.

"ಅದಕ್ಕೂ..." ಎಂದು ಗಾಜಣ್ಣ ಹೆಂಡತಿಯ ಕಡೆ ತಿರುಗಿದ, "ಅದಕ್ಕೂ ತುರುಬಿತ್ತು ಕಣೇ."