ಪೆಟಿಂಗಿಲ್ ಅಜ್ಜ ಒಂದ್ಸಲ "ಹೌದು" ಅಂದಿದ್ದು

ಟಿಲ್ಡನ್ ಊರಲ್ಲಿ ಸ್ವಂತ ಬುದ್ಧಿಯಿಂದ ಯೋಚನೆ ಮಾಡೋ ಕೆಲಸಾನ ನಲವತ್ತೊಂದು ವರ್ಷದಿಂದ ಆರಿನ್ ಪೆಟಿಂಗಿಲ್ ಒಬ್ಬನೇ ನೋಡ್ಕೊಂಡು ಬಂದಿದ್ದಾನೆ. ಇಂಥ ಏರ್ಪಾಡು ಅಮೆರಿಕದ ಇಡೀ ವರ್ಮಾಂಟ್ ರಾಜ್ಯದಲ್ಲಿ ಇನ್ನೊಂದು ಊರಿಗಿಲ್ಲ. ಬೇಕಾದ್ರೆ ಹುಡುಕ್ಕೊಂಡು ಬನ್ನಿ.

ಮಾರ್ಚ್ ತಿಂಗಳ ಮೊದಲ್ನೇ ಮಂಗಳವಾರ ಊರಿಗೂರೇ ಶಾಲೆ ಹಜಾರದಲ್ಲಿ ಸಭೆ ಸೇರತ್ತೆ. ಒಂದೊಂದು ಠರಾವಿಗೂ ಎಲ್ಲಾರೂ ಒಂದೇ ದನೀಲಿ "ಹೌದು" ಅಂತಾರೆ. ಆರಿನ್ ಎದ್ದು "ಬೇಡ" ಅಂತಾನೆ. ಬೆಂಕಿ ಆರಿಸೋ ಗಾಡಿ ಬೇಡ. ಹಿಮ ಬಾಚೋ ಗಾಡಿ ಬೇಡ. ಸ್ವಂತ ಹೆಂಡ್ತೀನ ಲೈಬ್ರರಿ ಕೆಲಸಕ್ಕೆ ತಗೊಳ್ಳೋದೂ ಬೇಡ. ಅವತ್ತು ಮನೇಲಿ ಅವನಿಗೆ ಊಟ ಹುಟ್ಟಲಿಲ್ಲ. ಹಿಂಗೆ ಅವನ ಹೆಸರು ಬೆಳೆದೂ ಬೆಳೆದೂ, ಊರೋರು ಹದಿನಾಲ್ಕನೇ ನಿಯಮಾನೇ ಬರೆದ್ರು: "ಈ ಊರಿನ ಯಾವ ತೀರ್ಮಾನವೂ ಸರ್ವಾನುಮತದಿಂದ ಆಗತಕ್ಕದ್ದಲ್ಲ. ಪ್ರತಿಯೊಂದಕ್ಕೂ ಒಂದು ಸ್ವತಂತ್ರ ವಿರೋಧ ಕಡ್ಡಾಯ. ಸದರಿ ವಿರೋಧವನ್ನು ಶ್ರೀ ಪೆಟಿಂಗಿಲ್‌ರವರೇ ಸಲ್ಲಿಸತಕ್ಕದ್ದು." ಅದಕ್ಕೂ ಅವನು "ಬೇಡ" ಅಂದಿದ್ದ.

ಈ ಸಲ ಪ್ರವಾಹಕ್ಕೆ ಆರಿನ್ ಮನೆ ಮುಂದಿನ ಹೊಳೆ ಸೇತುವೆ ಕೊಚ್ಕೊಂಡು ಹೋಗಿತ್ತು. ಸೌದೆ ಗಾಡಿ ಬರಲ್ಲ, ಡಾಕ್ಟರ್ ಬರಲ್ಲ. ಎಪ್ಪತ್ತೆಂಟರ ಮುದುಕ ಪ್ಯಾಂಟು ಮಡಚ್ಕೊಂಡು, ಬೂಟು ಕೈಲಿ ಹಿಡ್ಕೊಂಡು, ಮಂಡಿಮಟ್ಟ ಹಿಮದ ನೀರಲ್ಲಿ ಓಡಾಡ್ತಿದ್ದ. ಏಳನೇ ಠರಾವು ಅದೇ ಸೇತುವೇದು. ಇಸ್ತ್ರಿ ಷರಟು ಹಾಕ್ಕೊಂಡು ಬಂದಿದ್ದೋನು ಎದ್ದು ನಿಂತು ಕೂಗ್ದ: "ಹೌದು!"

ಸಭೆ ಊಟಕ್ಕೆ ಅಂತ ಬಡಿಸಿದ್ದ ಬೀನ್ಸ್ ತಿಂತಿದ್ದೋರ ಚಮಚ ಬಾಯಿ ಹತ್ರಾನೇ ನಿಂತ್ಕೊಂತು.

ಸಭೆ ನಡೆಸೋ ಲುಸಿಂಡಾ ಕನ್ನಡಕ ತೆಗೆದ್ಲು. "ಅಜ್ಜಾ, ಮೈ ಹುಷಾರಿಲ್ವಾ?"

"ಸೇತುವೆ ಬೇಕಮ್ಮ."

"ಊರೆಲ್ಲಾ ಹೌದು ಅಂದಿದೆ. ನೀವೂ ಅಂದ್ರೆ ಕುರಿಮಂದೆ ಆಗಲ್ವಾ?"

"ನೆಂದು ಜೋಮು ಹಿಡೀತಿರೋದು ನನ್ ಮಂಡಿ, ಕುರೀದಲ್ಲ!"

ಆರಿನ್ ಮೊಮ್ಮಗಳು ಟ್ಯಾಮ್ಸಿನ್ ಎದ್ಲು. ಅವಳೂ ಅವಳ ಮೂವತ್ತು ಸ್ನೇಹಿತರೂ ಒಂದೇ ಅಂಗಡಿಯಿಂದ ತರಿಸಿದ ಒಂದೇ ಬಣ್ಣದ ಟೀಶರ್ಟ್ ಹಾಕಿದ್ರು. ಎದೆ ಮೇಲೆ "ನಾನು ಯಾರ ಥರಾನೂ ಅಲ್ಲ" ಅಂತ ಬರೆದಿತ್ತು.

"ಥೂ ಅಜ್ಜ! ವಯಸ್ಸಲ್ಲಿ ಉದ್ದ ಕೂದಲು ಬಿಟ್ಕೊಂಡು ಸರ್ಕಾರಾನ ಬೈಯೋದು, ಮುದುಕರಾದ್ಮೇಲೆ ಸೇತುವೆ ಕೇಳೋದು!"

"ಕೂತ್ಕೊಳ್ಳೇ. ನನ್ ಕೂದಲು ನೋಡಿ ಊರೇ ಉಗೀತಿತ್ತು."

"ಫೋಟೋ ನೋಡಿದೀನಿ. ನಿಮ್ ಪಕ್ಕ ನಿಂತಿದ್ದ ಐವತ್ತು ಜನಕ್ಕೂ ಅಷ್ಟೇ ಉದ್ದ ಇತ್ತು."

ಲುಸಿಂಡಾ ನಿಯಮ ಓದಿದ್ಲು. ವಿರೋಧ ಇಲ್ದಿದ್ರೆ ಠರಾವೇ ರದ್ದು. ಒಂದೇ ಒಂದು "ಬೇಡ" ಬಿದ್ರೆ ಸೇತುವೆ ಸಿಕ್ಕ ಹಾಗೇ. ಮತ್ತೆ ಮತ ಕೇಳಿದ್ಲು. ಆರಿನ್ ಹಲ್ಲು ಕಚ್ಕೊಂಡು "ಬೇಡ" ಅಂದ.

"ನಮ್ಮಜ್ಜ ಬದಲಾಗಿಲ್ಲ!" ಅಂತ ಟೀಶರ್ಟಿನೋರೆಲ್ಲಾ ಕುಣಿದು "ಬೇಡ!" ಅಂದ್ರು. ಮಕ್ಕಳ ಮುಂದೆ ಹಳೇಕಾಲದೋರು ಅನ್ನಿಸ್ಕೋಬಾರ್ದು ಅಂತ ಅಪ್ಪ ಅಮ್ಮಂದಿರೂ "ಬೇಡ" ಅಂದ್ರು. ಆರಿನ್ ಮರ್ಯಾದೆಗೆ ಅಂತ ಮುದುಕರೂ ಅಂದ್ರು.

ಲುಸಿಂಡಾ ತಲೆ ಕೆರ್ಕೊಂಡ್ಲು. "ಇದೂ ಸರ್ವಾನುಮತವೇ ಆಯ್ತಲ್ಲ. ಅಜ್ಜಾ, ಈಗ ನೀವು ಹೌದು ಅನ್ಬೇಕು."

"ಮೊದಲಿಂದ ಅದನ್ನೇ ಕಣಮ್ಮ ಬಡ್ಕೊಂಡಿದ್ದು!"

ನಡವಳಿ ಪುಸ್ತಕದಲ್ಲಿ ಹಿಂಗಿದೆ: "ಒಂದರ ವಿರುದ್ಧ ನೂರ ಅರವತ್ತೆರಡು ಮತಗಳಿಂದ ಸೇತುವೆ ತಿರಸ್ಕೃತ. ಶ್ರೀ ಪೆಟಿಂಗಿಲ್‌ರವರು ಎಂದಿನಂತೆ ಏಕಾಂಗಿಯಾಗಿ ಸ್ವಂತ ಅಭಿಪ್ರಾಯ ಮಂಡಿಸಿದರು." ಎಲ್ಲಾರೂ ಒಟ್ಟಿಗೆ ಎದ್ದು ಚಪ್ಪಾಳೆ ಹೊಡೆದ್ರು.

ಎಂಟನೇ ಠರಾವು ಅಲ್ಲೇ ಹುಟ್ತು: "ಸದರಿಯವರ ಗೌರವಾರ್ಥ ಊರಿನವರೆಲ್ಲರೂ ಪ್ರತಿ ವರ್ಷ ಪ್ಯಾಂಟು ಮಡಚಿ, ಬೂಟು ಕೈಯಲ್ಲಿ ಹಿಡಿದು, ಅವರ ಹೊಳೆಯನ್ನು ದಾಟತಕ್ಕದ್ದು. ಆದಕಾರಣ ಅಲ್ಲಿ ಎಂದಿಗೂ ಸೇತುವೆ ಕಟ್ಟತಕ್ಕದ್ದಲ್ಲ."

ಊರೆಲ್ಲಾ "ಹೌದು" ಅಂತು.

"ಬೇಡ!" ಆರಿನ್ ಗಂಟಲು ಹರಿಯೋ ಹಂಗೆ ಅರಚ್ದ. "ಬೇಡ ಅಂದ್ರೆ ಬೇಡ ಕಣ್ರೋ!"

ಲುಸಿಂಡಾಗೆ ಹೋದ ಜೀವ ಬಂದಂಗಾಯ್ತು. ಸುತ್ತಿಗೆ ಬಡಿದ್ಲು. "ನಿಯಮದ ಪ್ರಕಾರ ಪಾಸು."