ಐಬಿಲ್ಲದ ಕುದುರೆ

ಗುಮಾಸ್ತೆ ಸುಂದರೇಶನಿಗೆ ಶೇಕದಾರನಾಗಿ ಬಡ್ತಿ ಸಿಕ್ಕಿದ್ದೇ ತಪ್ಪಾಯಿತು. ಶೇಕದಾರ ಎಂದಮೇಲೆ ಕಂದಾಯದ ಕೆಲಸಕ್ಕೆ ಹಳ್ಳಿ ಸುತ್ತಬೇಕು, ಸುತ್ತಲು ಸ್ವಂತ ಕುದುರೆ ಬೇಕು. ಶನಿವಾರ ಮಧ್ಯಾಹ್ನ ಮೂರಕ್ಕೆ ಕುದುರೆ ಸಮೇತ ಬನ್ನಿ, ಯಾರಿಗೆ ಯಾವ ಹೋಬಳಿ ಎಂದು ಆಗಲೇ ಹೇಳುತ್ತೇನೆ ಎಂದಿದ್ದರು ಅಮಲ್ದಾರರು. ಮೈಸೂರಿನ ಕಸಬಾ ಹೋಬಳಿ ಸಿಕ್ಕರೆ ಚಾಮರಾಜಪುರದ ಮನೆಯಲ್ಲೇ ಇದ್ದು, ದಿನವೂ ಹೆಂಡತಿ ರಮಾಮಣಿಯ ಕೈಯ ಬಿಸಿ ಸಾರನ್ನ ಉಣ್ಣಬಹುದು. ಸುಂದರೇಶನಿಗೆ ಈ ಜನ್ಮದಲ್ಲಿ ಬೇಕಾದದ್ದು ಅಷ್ಟೇ.

ಶನಿವಾರ ಬೆಳಿಗ್ಗೆ ಜಟಕಾ ಸ್ಟ್ಯಾಂಡಿನಿಂದ ಒಂದು ಬಡಕಲು ಕುದುರೆ ತಂದು ಗೇಟಿಗೆ ಕಟ್ಟಿದ. ನಿಂತಲ್ಲೇ ತೂಕಡಿಸುತ್ತಿದ್ದ ಅದು ಅವನಿಗೆ ತುಂಬ ಹಿಡಿಸಿತು. ಅರಮನೆಯ ಲಾಯದಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತರಾಗಿದ್ದ ಪಕ್ಕದ ಮನೆಯ ಶಿವಲಿಂಗಯ್ಯ ಓಡಿಬಂದರು.

“ಇದ್ರ ಮೇಲೆ ಸವಾರಿನಾ? ಬೆನ್ನು ಹಳೇ ಮಂಚದಂಗೆ ಬಗ್ಗೋಗದೆ! ಅಮಲ್ದಾರ್ರು ನಕ್ಬುಡ್ತಾರೆ ಕಣ್ರೀ. ಕುದ್ರೆ ಚೆನ್ನಾಗಿದ್ರೆ ಕಸಬಾ ನಿಮ್ದೇ.”

ಎದುರುಮನೆಯ ಅಲಮೇಲು ಬೆನ್ನು ನೋಡಲಿಲ್ಲ, ನೇರವಾಗಿ ಹಣೆಗೇ ಕೈಹಾಕಿದರು. “ಅಯ್ಯೋ, ಕೆಳಮುಖದ ಸುಳಿ! ರಮಾ, ಇದು ಮನೆಯೊಡತಿಗೆ ಆಗಿಬರಲ್ಲ ಕಣಮ್ಮ.”

ರಮಾಮಣಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. “ಆ ಪ್ರಾಣಿ ಹೋಗೋವರ್ಗೂ ಅಡುಗೆ ಇಲ್ಲ,” ಎಂದು ಕಿಟಕಿಯಿಂದ ಕೂಗಿದಳು. ಪ್ರಾಣಿ ಹೋಯಿತು.

ಹನ್ನೆರಡಕ್ಕೆ ಶಿವಲಿಂಗಯ್ಯನವರೇ ಮೇಟಗಳ್ಳಿಯ ಬೀಗರಿಂದ ಒಂದು ಕಂದು ಕುದುರೆ ಕೊಡಿಸಿ ತಂದರು. ಅಲಮೇಲು ಅದರ ಮೈಯೆಲ್ಲ ತಡಕಿ, ಸುಳಿಗಳು ಸರಿಯಾಗಿವೆ ಎಂದರು.

“ಕೆಲ್ಸದ ಕುದ್ರೆ ಅಂದ್ರೆ ಇದು! ಗಿಡ್ಡ ಬೆನ್ನು, ಅಗಲ ಎದೆ. ಗೊರಸು ನೋಡಿ, ಕಲ್ಲೇ ಪುಡಿಯಾಗ್ಬೇಕು. ಒಂದು ಸೇರು ಹುರುಳಿಗೆ ಹತ್ತು ಹರದಾರಿ ಹೋಯ್ತದೆ. ಮೇಲೆ ಕೂತು ಕಾಫಿ ಕುಡುದ್ರೂ ತುಳುಕಕ್ಕಿಲ್ಲ,” ಎಂದರು ಶಿವಲಿಂಗಯ್ಯ.

“ನೋಡೇಬಿಡೋಣ,” ಎಂದು ಅಲಮೇಲು ಲೋಟ ತುಂಬ ಕಾಫಿ ತಂದೇಬಿಟ್ಟರು.

ಸುಂದರೇಶ ಲೋಟ ಹಿಡಿದು ಹತ್ತಿ ಕೂತ, ಕುದುರೆ ನಡೆಯಿತು. ಕಾಫಿ ತುಳುಕಲಿಲ್ಲ, ನಿಜ. ಸುಂದರೇಶನೇ ಜಾರಿದ. ಇದ್ದ ಒಂದೇ ಬಿಳಿ ಕೋಟಿನ ಮೇಲೆ ಕಾಫಿ ಸುರಿದು ಅವನು ನೆಲಕ್ಕೆ ಬಿದ್ದಾಗ ಕುದುರೆ ಥಟ್ಟನೆ ನಿಂತಿತು.

“ನೋಡಿದ್ರಾ ಗುಣ! ಬಿದ್ದೋರ್ನ ಬುಟ್ಟು ಹೋಗಕ್ಕಿಲ್ಲ!” ಎಂದರು ಶಿವಲಿಂಗಯ್ಯ.

“ಬಿದ್ದೋರ್ನ ಎತ್ತೋ ಗುಣ ನಿಮ್ಮಲ್ಲಿ ಯಾರಿಗಾದ್ರೂ ಇದ್ಯಾ?” ಎಂದು ಸುಂದರೇಶ ನೆಲದಿಂದಲೇ ರೇಗಿದ.

ಮತ್ತೆ ಹತ್ತುವ ಧೈರ್ಯವಾಗದೆ, ಲಗಾಮು ಹಿಡಿದು ನಡೆದುಕೊಂಡೇ ಕಚೇರಿ ಸೇರಿದ. ಶಿವಲಿಂಗಯ್ಯ ಹಿಂದೆಯೇ ಬಂದರು. ಅಮಲ್ದಾರರು ಹಲ್ಲು ನೋಡಿದರು, ಗೊರಸು ಎತ್ತಿಸಿದರು, ಕಾಲು ಸವರಿದರು. “ಭೇಷ್! ಇಂಥ ಕುದುರೆ ಕಂಡು ಎಷ್ಟು ಕಾಲವಾಗಿತ್ತು!”

ಇನ್ನೊಬ್ಬ ಹೊಸ ಶೇಕದಾರ ಬಸವರಾಜುವಿನ ಕುದುರೆ ಕುಂಟುತ್ತ ಬಂದು ಕೆಮ್ಮಿತು. ಸುಂದರೇಶನ ಮೂಗಿಗೆ ಆಗಲೇ ಸಾರಿನ ಒಗ್ಗರಣೆ ಬಡಿಯಿತು.

“ಇಂಥ ಕುದುರೆ ಕಸಬಾದ ಟಾರು ರಸ್ತೇಲಿ ದಂಡವಾಗಬಾರದು,” ಎಂದರು ಅಮಲ್ದಾರರು. “ಸುಂದರೇಶ, ಕಾಡಂಚಿನ ಹೋಬಳಿ ನಿಮಗೆ. ನಲವತ್ತು ಹಳ್ಳಿ, ಒಂದಕ್ಕೂ ರಸ್ತೆ ಇಲ್ಲ. ಸೋಮವಾರವೇ ಹೊರಡಿ. ಬಸವರಾಜು, ನಿಮ್ಮದು ಪಾಪ ದೂರ ಹೋಗಲಾರದು. ನೀವು ಕಸಬಾದಲ್ಲೇ ಇರಿ.”

ಸುಂದರೇಶ ಮುಂದೆ ನುಗ್ಗಿದ. “ಸಾರ್, ಇದೂ ಕುಂಟುತ್ತೆ!”

“ಹೌದೇ? ನಡೆಸಿ, ನೋಡೋಣ.”

ಕುದುರೆ ಮದುವಣಿಗನ ಗತ್ತಿನಲ್ಲಿ ಕಚೇರಿಯ ಅಂಗಳ ಸುತ್ತಿ ಬಂದು ಸುಂದರೇಶನಿಗೆ ಒತ್ತಿಕೊಂಡು ನಿಂತಿತು. ಅದನ್ನು ಕಚ್ಚಿಬಿಡುವಷ್ಟು ಸಿಟ್ಟು ಬಂತು ಅವನಿಗೆ.

ಗೇಟಿನ ಬಳಿ ಶಿವಲಿಂಗಯ್ಯ ಚಪ್ಪಾಳೆ ತಟ್ಟುತ್ತಿದ್ದರು. “ನಾ ಹೇಳ್ಲಿಲ್ವಾ? ಹುಡುಕುದ್ರೂ ಒಂದು ಐಬಿಲ್ಲ!”