ಪಾಸಾಗಲು ಬಂದ ಮಣ್ಣು

ಪುಣೆಯ ಮಣ್ಣು-ನೀರು ಪರೀಕ್ಷಾ ಕೇಂದ್ರವೊಂದರಲ್ಲಿ ನನ್ನ ನೌಕರಿ. ಪರೀಕ್ಷೆ ಎಂದರೆ ಸಾಕು, ನಮ್ಮ ಜನಕ್ಕೆ ಹೇಗಾದರೂ ಪಾಸಾಗಬೇಕು. ಹಾಗಾಗಿ ಇಂಥದ್ದೊಂದು ನಡೆಯದ ವಾರವೇ ಇಲ್ಲ.

ಮೃದು ನೀರು

ವಾಕಡದ ಹೌಸಿಂಗ್ ಸೊಸೈಟಿಯೊಂದರ ಸೆಕ್ರೆಟರಿ, ಬೆಂಗಳೂರಿನವರು, ಬೋರ್‌ವೆಲ್ ನೀರು ತಂದರು. ಪರೀಕ್ಷಿಸಿದರೆ ಗಡಸುತನ ಹೆಸರಿಗೂ ಇಲ್ಲ.

"ಇದು ಬೋರ್‌ವೆಲ್ ನೀರೇ ಏನ್ರಿ?"

"ಬೋರ್‌ವೆಲ್‌ದೇ ಸಾರ್. ಫಿಲ್ಟರ್ ಮಾಡಿ ತಂದಿದೀನಿ. ಹಂಗೇ ತಂದ್ರೆ ಫೇಲ್ ಆಗುತ್ತಲ್ವಾ?"

ಭೂಮಿತಾಯಿ ಪೇಟೆಗೆ

ಸೇವಂತಿಗೆ ಬೆಳೆಯುವ ಕಲಬುರಗಿ ಕಡೆಯ ಅಜ್ಜಿಯೊಬ್ಬಳು ಕೊಟ್ಟ ಪೊಟ್ಟಣ ಬಿಚ್ಚಿದೆ. ಮಣ್ಣಿನ ತುಂಬ ಅರಿಶಿನ ಕುಂಕುಮ.

"ಅಜ್ಜಿ, ಇದನ್ನ ಹೆಂಗ ಪರೀಕ್ಷೆ ಮಾಡ್ಲಿ?"

"ಭೂಮಿತಾಯಿ ಮೊದಲ ಸಲ ಪೇಟಿಗಿ ಹೊಂಟಾಳ. ಬರೀ ಹಣೀಲೆ ಕಳಸ್ಲೇನಪ್ಪಾ?"

ಅಂಜೂರದ ಹೊಲ

ಆಗ ನಾನಿನ್ನೂ ಕಾಯಂ ಆಗಿರಲಿಲ್ಲ. ಒಂದು ತಪ್ಪಾದರೂ ಮನೆಗೆ ಕಳಿಸುತ್ತಿದ್ದರು. ವಿಜಯಪುರ ಕಡೆಯ ಬಟ್ಟೆ ವ್ಯಾಪಾರಿಯೊಬ್ಬರು ಸಾಸವಡದಲ್ಲಿ ಹೊಸದಾಗಿ ಜಮೀನು ಕೊಂಡು, ಅಂಜೂರ ಬರುತ್ತದೋ ಇಲ್ಲವೋ ನೋಡಲು ಮಣ್ಣು ತಂದುಕೊಟ್ಟರು. ಪರೀಕ್ಷೆಗೆ ಮುಂಚೆ ಮಣ್ಣನ್ನು ನೆರಳಲ್ಲಿ ಒಣಗಿಸಬೇಕು. ಕೇಂದ್ರದ ಮಾಡು ಸೋರುತ್ತಿತ್ತು. ಯೆರವಡಾದ ನನ್ನ ಮನೆಗೆ ಒಯ್ದು ಬಾಲ್ಕನಿಯಲ್ಲಿ ಪೇಪರಿನ ಮೇಲೆ ಹರವಿದೆ.

ಸಂಜೆ ಬಂದು ನೋಡಿದರೆ ಬರೀ ಪೇಪರ್ ಇದೆ.

"ಅವ್ವಾ, ಮಣ್ಣೆಲ್ಲಿ?"

"ನಮ್ಮ ತುಳಸಿ ಕುಂಡಕ್ಕ ಹಾಕಿದೆ. ಬೆರಳಾಗ ಹಿಡದ ಕೂಡ್ಲೇ ತಿಳೀತು, ಅದು ತುಳಸಿ ಮಣ್ಣು."

"ಅದು ಅಂಜೂರದ ಹೊಲದ್ದವ್ವಾ!"

"ನಿನಗೇನು ತಿಳೀತದ, ಸುಮ್ಮನಿರು."

ಮರುದಿನ ವ್ಯಾಪಾರಿ ಬಂದಾಗ ಕೈಮುಗಿದು ನಿಂತೆ.

"ಕಾಕಾ, ತಪ್ಪಾತ್ರಿ. ನಿಮ್ಮ ಮಣ್ಣು ಕಳಕೊಂಡೀನಿ. ಸಾಹೇಬ್ರಿಗೆ ಹೇಳಬ್ಯಾಡ್ರಿ. ಹೊಲದಿಂದ ಇನ್ನೊಂದು ಸಲ ತರ್ತೀರೇನ್ರಿ?"

ಅವರು ಸಿಟ್ಟಾಗಲಿಲ್ಲ. ಸಾಹೇಬರ ಕೋಣೆಯತ್ತ ನೋಡಿ, ನನಗಿಂತ ಹೆಚ್ಚು ಹೆದರಿ, ದನಿ ತಗ್ಗಿಸಿದರು.

"ನೀವೂ ಹೇಳಬ್ಯಾಡ್ರಿ. ಅದು ಹೊಲದ್ದಲ್ಲ. ಹೊಲದಾಗ ಭಾಳ ಕಲ್ಲವ. ರಿಪೋರ್ಟ್ ಛಲೋ ಬರ್ಲಿ ಅಂತ ನಮ್ಮ ಮನೀ ತುಳಸಿ ಕುಂಡದ್ದ ತಂದಿದ್ದೆ."

ನೌಕರಿ ಉಳಿಯಿತು. ಆ ಸಂತೋಷಕ್ಕೆ ಮನೆಗೆ ಓಡಿಬಂದು ಎಲ್ಲವನ್ನೂ ಅವ್ವನಿಗೆ ಹೇಳಿದೆ. ಆಕೆ ತುಳಸಿಗೆ ನೀರು ಹಾಕುತ್ತಲೇ ಕೇಳಿದಳು:

"ಇಷ್ಟು ಹೇಳಾಕ ನಿಮ್ಮ ಕೇಂದ್ರದಾಗ ಎಷ್ಟು ದಿನ ತಗೋತೀರಿ?"